ನೆಲ ನೋಡಿ ಗಾಡಿ ಕೊಳ್ಳಿರಿ
ಮಕ್ಕಳು ಕೇಳುವ ವಿದ್ಯುತ್ ರೇಡಿಯೋ ಕಾರಿನ ಆಯ್ಕೆಯನ್ನು ಕುರಿತು

ವಾರ್ಷಿಕ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಮಕ್ಕಳಿರುವ ಮನೆಗಳಲ್ಲಿ ಬೇಡಿಕೆಯ ಪಟ್ಟಿಯೊಂದು ಸಿದ್ಧವಾಗಿರುತ್ತದೆ. ಹಿಂದೆ ಆ ಪಟ್ಟಿಯಲ್ಲಿ ಸೈಕಲ್ಲು, ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡು ಇರುತ್ತಿದ್ದವು. ಈಗ ಅವುಗಳ ಜೊತೆಗೆ ‘ಆರ್‌ಸಿ ಕಾರು’ ಎಂಬ ಹೊಸ ಹೆಸರೂ ಸೇರಿಕೊಂಡಿದೆ. ಕೈಯಲ್ಲಿ ಹಿಡಿದ ಪೆಟ್ಟಿಗೆಯಿಂದ ರೇಡಿಯೋ ತರಂಗಗಳ ಮೂಲಕ ನಡೆಸುವ, ವಿದ್ಯುತ್ ಮೋಟಾರಿನಿಂದ ಓಡುವ ಪುಟ್ಟ ಕಾರು ಇದು. ವಿದ್ಯಾಭ್ಯಾಸ ಮತ್ತು ಉದ್ಯೋಗದ ನಿಮಿತ್ತ ಘಟ್ಟದ ಮೇಲಿನಿಂದ ಇಳಿದು ಬಂದು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳಲ್ಲಿ ಈ ಬೇಡಿಕೆ ಇರುವುದು ಆಶ್ಚರ್ಯವೇನಲ್ಲ. ಮಣಿಪಾಲದಲ್ಲಿ 1957ರಿಂದಲೂ, ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 1986ರಿಂದಲೂ ಇಂಜಿನಿಯರಿಂಗ್ ಕಾಲೇಜುಗಳು ನಡೆಯುತ್ತಿವೆ. ಮಣಿಪಾಲದ ವಿದ್ಯಾರ್ಥಿಗಳು ತಾವೇ ತಂಡ ಕಟ್ಟಿಕೊಂಡು ಸೌರಶಕ್ತಿಯ ಕಾರು, ಸ್ಪರ್ಧೆಯ ಕಾರುಗಳನ್ನು ನಿರ್ಮಿಸುತ್ತಾರೆ. ದೇಶದ ಕಾಲೇಜುಗಳ ತಾಂತ್ರಿಕ ಉತ್ಸವಗಳಲ್ಲಿ ಈ ಚಿಕ್ಕ ಕಾರುಗಳ ಓಟವೂ ಒಂದು ಆಕರ್ಷಣೆ. ಅಂತಹ ಊರಿನಲ್ಲಿ ಬೆಳೆಯುವ ಮಗುವಿಗೆ ಯಂತ್ರದ ಮೇಲೆ ಮನಸ್ಸಾಗುವುದು ಸಹಜವೇ ಆಗಿದೆ.

ಆದರೆ ತಂದೆತಾಯಿಗಳ ಕಷ್ಟ ಬೇರೆ. ಏನನ್ನು ಕೊಳ್ಳಬೇಕು, ಎಷ್ಟು ವ್ಯಯಿಸಬೇಕು, ಇದರಿಂದ ಅಪಾಯವಿಲ್ಲವೇ, ಎರಡೇ ವಾರದಲ್ಲಿ ಮುರಿದು ಅಟ್ಟ ಸೇರುವುದಿಲ್ಲವೇ ಎಂಬ ಶಂಕೆಗಳು ಅವರಿಗಿವೆ. ಈ ಶಂಕೆಗಳು ನ್ಯಾಯವಾದವು. ಆದಕಾರಣ ಈ ತಿಂಗಳು ನಾವು ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ. ಮೊದಲೇ ಹೇಳಿಬಿಡುತ್ತೇವೆ: ಅಂಗಡಿಯ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವ ವೇಗವನ್ನು ನೋಡಿ ಕೊಂಡವರು ಬೇಗ ಬೇಸರಪಡುತ್ತಾರೆ. ತಮ್ಮ ಮನೆಯ ಸುತ್ತಲಿನ ನೆಲವನ್ನು ನೋಡಿ, ಕೆಟ್ಟರೆ ಯಾರು ಸರಿಪಡಿಸುವರೆಂಬುದನ್ನು ಯೋಚಿಸಿ ಕೊಂಡವರ ಕಾರು ಬಹುಕಾಲ ಓಡುತ್ತದೆ.

ಆಟಿಕೆಯೋ, ಯಂತ್ರವೋ?

ಮಾರುಕಟ್ಟೆಯಲ್ಲಿ ಎರಡು ಬಗೆಯ ಕಾರುಗಳಿವೆ. ಮೊದಲನೆಯದು ಆಟಿಕೆ. ಮೋಟಾರು, ವಿದ್ಯುತ್ ಮಂಡಲ, ಸ್ಟಿಯರಿಂಗ್ ಎಲ್ಲವೂ ಒಂದೇ ಗಂಟಾಗಿ ಒಳಗೆ ಅಂಟಿಕೊಂಡಿರುತ್ತವೆ. ಒಂದು ಹಲ್ಲುಚಕ್ರ ಸವೆದರೂ ಇಡೀ ಕಾರು ಗುಜರಿಗೆ. ಎಡಕ್ಕೆ ತಿರುಗಿಸಿದರೆ ಪೂರ್ತಿ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಪೂರ್ತಿ ಬಲಕ್ಕೆ. ನಡುವಣ ಅಳತೆ ಅದಕ್ಕೆ ಸಾಮಾನ್ಯವಾಗಿ ತಿಳಿಯದು. ಎರಡನೆಯದು ಹವ್ಯಾಸಿಗಳ ಕಾರು. ಇದರ ಪ್ರತಿಯೊಂದು ಅಂಗವೂ ಬಿಡಿಯಾಗಿ ದೊರೆಯುತ್ತದೆ, ಬಿಚ್ಚಬಹುದು, ಜೋಡಿಸಬಹುದು. ಬೆರಳನ್ನು ಎಷ್ಟು ಒತ್ತಿದರೆ ಅಷ್ಟೇ ವೇಗ, ಚಕ್ರವನ್ನು ಎಷ್ಟು ತಿರುಗಿಸಿದರೆ ಅಷ್ಟೇ ತಿರುವು.

ಏಳೆಂಟು ವರ್ಷದೊಳಗಿನ ಮಕ್ಕಳಿಗೆ ಮೊದಲನೆಯ ಬಗೆಯೇ ಸಾಕು. ಅದನ್ನು ಕೊಳ್ಳುವಾಗ ಐಎಸ್‌ಐ ಗುರುತನ್ನು ಮಾತ್ರ ಮರೆಯದೆ ನೋಡಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಈ ಗುರುತು 2021ರ ಜನವರಿ 1ರಿಂದ ಕಡ್ಡಾಯವಾಯಿತು. ಹತ್ತು ಹನ್ನೆರಡು ದಾಟಿದ, ಸ್ಕ್ರೂಡ್ರೈವರ್ ಹಿಡಿಯಬಲ್ಲ ಮಗುವಿಗಾದರೆ ಎರಡನೆಯ ಬಗೆಯನ್ನು ಯೋಚಿಸಬಹುದು. ನಮ್ಮ ಮುಂದಿನ ಮಾತೆಲ್ಲವೂ ಅದನ್ನು ಕುರಿತದ್ದೇ.

ಈ ಹವ್ಯಾಸದ ಹಿನ್ನೆಲೆಯನ್ನು ಒಂದೆರಡು ಮಾತಿನಲ್ಲಿ ತಿಳಿಸುವುದು ಉಚಿತ. ಜಪಾನಿನ ಶಿಜುವೊಕಾ ನಗರದ ತಮಿಯಾ ಸಂಸ್ಥೆಯು 1976ರಲ್ಲಿ ಪೋರ್ಷೆ 934 ಎಂಬ ಕಾರಿನ ಹನ್ನೆರಡನೆಯ ಒಂದರಷ್ಟು ಗಾತ್ರದ ವಿದ್ಯುತ್ ಮಾದರಿಯನ್ನು ಹೊರತಂದಿತು. ಮನೆಯಲ್ಲಿಯೇ ಜೋಡಿಸಿ ಓಡಿಸಬಹುದಾದ ಅಂತಹ ಕಾರುಗಳು ಅಲ್ಲಿಂದ ಮುಂದೆ ಜನಪ್ರಿಯವಾದವು. 1990ರ ದಶಕದಲ್ಲಿ ‘ಟೂರಿಂಗ್ ಕಾರು’ ಎಂಬ ಪ್ರಕಾರ ಬೆಳೆಯಿತು. ನಾವು ದಿನವೂ ರಸ್ತೆಯಲ್ಲಿ ಕಾಣುವ ಕಾರುಗಳ ಆಕಾರವನ್ನೇ ಹೋಲುವ, ಹತ್ತನೆಯ ಒಂದರಷ್ಟು ಗಾತ್ರದ, ಸಾಮಾನ್ಯವಾಗಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಕಾರು ಇದು. ಉದ್ದ ಸುಮಾರು ಒಂದೂವರೆ ಅಡಿ, ಅಗಲ ಸುಮಾರು 19 ಸೆಂಟಿಮೀಟರು, ತೂಕ ಬ್ಯಾಟರಿ ಸೇರಿ ಒಂದೂವರೆ ಕಿಲೋಗ್ರಾಮಿನ ಆಸುಪಾಸು.

ಮೊದಲು ನೆಲ

ಟೂರಿಂಗ್ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಹೆಚ್ಚೆಂದರೆ ಒಂದು ಬೆರಳಿನ ಅಂತರವಿರುತ್ತದೆ. ನುಣುಪಾದ ಡಾಂಬರು ಅಥವಾ ಸಿಮೆಂಟಿನ ಮೇಲೆ ತಿರುವಿನಲ್ಲಿ ಉರುಳದಿರಲೆಂದೇ ಹಾಗೆ ಮಾಡಿರುತ್ತಾರೆ. ಆದಕಾರಣ ಅಂಗಡಿಗೆ ಹೋಗುವ ಮುನ್ನ ಮನೆಯಿಂದ ಹೊರಗೆ ಬಂದು ನೆಲವನ್ನು ನೋಡಬೇಕು.

ಕಾಪುವಿನಲ್ಲಿ ಮನೆಯಿರುವವರು 1901ರ ದೀಪಸ್ತಂಭದ ಬುಡದಲ್ಲಿ ಹರಡಿರುವ ವಿಶಾಲ ಮರಳನ್ನು ನೋಡಿ, ಇದಕ್ಕಿಂತ ಒಳ್ಳೆಯ ಮೈದಾನ ಯಾವುದಿದೆ ಎಂದುಕೊಳ್ಳುವುದುಂಟು. ಟೂರಿಂಗ್ ಕಾರಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಕಾರು ಹತ್ತು ಮಾರು ಹೋಗುವುದರೊಳಗೆ ಹೊಟ್ಟೆ ಮರಳಿಗೆ ತಾಗುತ್ತದೆ, ಮರಳು ಹಲ್ಲುಚಕ್ರಗಳ ನಡುವೆ ಸೇರುತ್ತದೆ, ಉಪ್ಪುನೀರಿನ ಪಸೆ ಮೋಟಾರಿನೊಳಗೆ ಇಳಿಯುತ್ತದೆ. ಕಡಲತೀರದಲ್ಲಿಯೇ ಓಡಿಸಬೇಕೆಂಬ ಹಟವಿದ್ದರೆ ಎತ್ತರದ ಚಕ್ರಗಳ, ನೀರು ನುಗ್ಗದಂತೆ ಮುಚ್ಚಿದ ವಿದ್ಯುತ್ ಭಾಗಗಳ ‘ಬಗ್ಗಿ’ ಎಂಬ ಬೇರೆ ಬಗೆಯ ಕಾರನ್ನೇ ಕೊಳ್ಳಬೇಕು. ಅದನ್ನೂ ಆಡಿದ ದಿನವೇ ಶುಚಿಗೊಳಿಸಬೇಕು.

ಕಾರ್ಕಳದ ಕಡೆಯ ಮನೆಗಳ ಸ್ಥಿತಿ ಬೇರೆ. ಮುರಕಲ್ಲಿನ ಅಂಗಳವಾದರೆ ಅದರ ಕೆಂಪು ಹರಳು ಕಾರಿನ ತಳವನ್ನು ಉಜ್ಜಿಹಾಕುತ್ತದೆ. ಆದರೆ ಅಡಿಕೆ ಒಣಗಿಸುವುದಕ್ಕಾಗಿ ಸಿಮೆಂಟು ಹಾಕಿಸಿದ ಅಂಗಳವಿದ್ದರೆ ಅದು ಟೂರಿಂಗ್ ಕಾರಿಗೆ ಬಹು ಯೋಗ್ಯವಾದ ಸ್ಥಳ. ಅಡಿಕೆ ಎತ್ತಿಟ್ಟ ಮೇಲೆ, ಮಳೆ ಹಿಡಿಯುವುದಕ್ಕೆ ಮೊದಲು, ಸಂಜೆಯ ಹೊತ್ತಿನಲ್ಲಿ ಗುಡಿಸಿದ ಅಂಗಳದಲ್ಲಿ ನಾಲ್ಕು ಇಟ್ಟಿಗೆಗಳನ್ನು ತಿರುವುಗಳ ಗುರುತಿಗಾಗಿ ಇಟ್ಟರೆ ಓಟದ ಕಣ ಸಿದ್ಧವಾಯಿತು. ಉಡುಪಿ, ಮಣಿಪಾಲಗಳ ವಸತಿ ಸಮುಚ್ಚಯಗಳಲ್ಲಿ ಇರುವವರಿಗೆ ತಳಮಹಡಿಯ ವಾಹನ ನಿಲುಗಡೆಯ ಜಾಗ, ರಜಾದಿನಗಳಲ್ಲಿ ಶಾಲೆಯ ಬಾಸ್ಕೆಟ್‌ಬಾಲ್ ಅಂಕಣ ಒದಗಬಹುದು. ಎರಡಕ್ಕೂ ಸಂಬಂಧಪಟ್ಟವರ ಅನುಮತಿಯನ್ನು ಮೊದಲೇ ಕೇಳಿಕೊಳ್ಳಬೇಕು.

ಸಾರ್ವಜನಿಕ ರಸ್ತೆ ಮಾತ್ರ ಸರ್ವಥಾ ಕೂಡದು. ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿಯಾಗಲಿ, ಕಾಪುವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಸರ್ವಿಸ್ ರಸ್ತೆಯಾಗಲಿ ಆಡುವ ಸ್ಥಳವಲ್ಲ. ಓಡಿಹೋದ ಕಾರಿನ ಹಿಂದೆ ಮಗುವೂ ಓಡುತ್ತದೆ ಎಂಬ ಒಂದೇ ಮಾತು ಇದಕ್ಕೆ ಸಾಕು. ಇಷ್ಟು ನೋಡಿದ ಮೇಲೂ ನಿಮ್ಮ ಬಳಿ ನುಣುಪು ನೆಲವಿಲ್ಲವೆಂದಾದರೆ ಟೂರಿಂಗ್ ಕಾರನ್ನು ಕೊಳ್ಳದಿರುವುದೇ ಸರಿಯಾದ ಆಯ್ಕೆ.

ಚಾಸಿ ಎಂಬ ಅಸ್ಥಿಪಂಜರ

ಕಾರಿನ ಅಸ್ಥಿಪಂಜರವೇ ಚಾಸಿ. ಇದರಲ್ಲಿ ನೋಡಬೇಕಾದ ಮುಖ್ಯ ಸಂಗತಿ, ಮೋಟಾರಿನ ಶಕ್ತಿ ಚಕ್ರಗಳಿಗೆ ಹೇಗೆ ತಲಪುತ್ತದೆ ಎಂಬುದು. ಕೆಲವು ಚಾಸಿಗಳಲ್ಲಿ ರಬ್ಬರಿನ ಹಲ್ಲುಪಟ್ಟಿಗಳು, ಅಂದರೆ ಬೆಲ್ಟುಗಳು, ಈ ಕೆಲಸ ಮಾಡುತ್ತವೆ. ಅವು ಹಗುರ, ನಯ, ಸ್ಪರ್ಧೆಗಳಿಗೆ ಅನುಕೂಲ; ಆದರೆ ಬಹುಪಾಲು ತೆರೆದೇ ಇರುವುದರಿಂದ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೂ ಹಲ್ಲು ಹರಿಯುತ್ತದೆ. ಇನ್ನು ಕೆಲವಲ್ಲಿ ಮುಂದಿನಿಂದ ಹಿಂದಕ್ಕೆ ಒಂದು ಉದ್ದನೆಯ ದಂಡವಿದ್ದು, ಅದರ ತುದಿಗಳ ಹಲ್ಲುಚಕ್ರಗಳು ಮುಚ್ಚಿದ ಪೆಟ್ಟಿಗೆಯಲ್ಲಿ ತಿರುಗುತ್ತವೆ. ನಮ್ಮ ಕರಾವಳಿಯ ಧೂಳು ಹರಳುಗಳ ನಡುವೆ ಮೊದಲ ಕಾರಿಗೆ ಈ ದಂಡದ ಏರ್ಪಾಡೇ ಹಿತ.

ಉದಾಹರಣೆಗೆ ತಮಿಯಾದವರ ಟಿಟಿ-02 ಚಾಸಿಯನ್ನು ತೆಗೆದುಕೊಳ್ಳಬಹುದು. ಇದು 2013ರಲ್ಲಿ ಬಂದದ್ದು. ದಂಡದಿಂದ ನಾಲ್ಕೂ ಚಕ್ರಗಳಿಗೆ ಚಾಲನೆ, ದೋಣಿಯಂತೆ ಅಂಚು ಎದ್ದಿರುವ ಪ್ಲಾಸ್ಟಿಕ್ ತಳ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 257 ಮಿಲಿಮೀಟರು. ಜಗತ್ತಿನಾದ್ಯಂತ ಬಹಳ ಮಂದಿ ಕೊಂಡಿರುವುದರಿಂದ ಬಿಡಿಭಾಗಗಳು ದೊರೆಯುತ್ತವೆ ಎಂಬುದೇ ಇದರ ದೊಡ್ಡ ಗುಣ. ಇದೇ ಸಂಸ್ಥೆಯದನ್ನೇ ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಯಾವುದನ್ನೇ ಕೊಳ್ಳಿರಿ, ಅಂಗಡಿಯವರಲ್ಲಿ ಮೂರು ಭಾಗಗಳನ್ನು ಹೆಸರಿಟ್ಟು ಕೇಳಿರಿ: ಮುಂಚಕ್ರವನ್ನು ಹಿಡಿದಿರುವ ತೋಳು, ದೊಡ್ಡ ಹಲ್ಲುಚಕ್ರ, ಚಕ್ರಕ್ಕೆ ಶಕ್ತಿ ಒಯ್ಯುವ ಸಣ್ಣ ದಂಡ. ಮೊದಲು ಮುರಿಯುವವು ಅಥವಾ ಸವೆಯುವವು ಇವೇ. ಇವು ಬಿಡಿಯಾಗಿ ಸಿಗುವುದಿಲ್ಲವೆಂದರೆ ಆ ಕಾರು ಎಷ್ಟೇ ಅಂದವಾಗಿದ್ದರೂ ಆಟಿಕೆಯೇ ಸರಿ.

ಜೋಡಿಸಿ ಸಿದ್ಧವಾದ ಕಾರೂ ದೊರೆಯುತ್ತದೆ, ಬಿಡಿಭಾಗಗಳ ಕಿಟ್ಟೂ ದೊರೆಯುತ್ತದೆ. ಮಗು ಸ್ವಲ್ಪ ದೊಡ್ಡದಾಗಿದ್ದರೆ ಕಿಟ್ಟನ್ನೇ ಕೊಡಿಸುವುದು ಮೇಲೆಂಬುದು ನಮ್ಮ ಅಭಿಪ್ರಾಯ. ಕೈಪಿಡಿಯ ಚಿತ್ರಗಳನ್ನು ನೋಡುತ್ತ, ತಂದೆಯೋ ತಾಯಿಯೋ ಅಣ್ಣನೋ ಜೊತೆಗೆ ಕುಳಿತು, ನಾಲ್ಕಾರು ಸಂಜೆಗಳಲ್ಲಿ ಜೋಡಿಸಿದ ಕಾರು ಕೆಟ್ಟಾಗ ಎಲ್ಲಿ ಬಿಚ್ಚಬೇಕೆಂಬುದು ಮಗುವಿಗೆ ತಿಳಿದಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕಾಗುತ್ತದೆ, ಅದಕ್ಕಾಗಿಯೇ ಡಿಫರೆನ್ಶಿಯಲ್ ಎಂಬ ಏರ್ಪಾಡಿದೆ ಎಂಬುದನ್ನು ಪುಸ್ತಕದಲ್ಲಿ ಹತ್ತು ಸಲ ಓದುವುದಕ್ಕಿಂತ, ಆ ಪುಟ್ಟ ಹಲ್ಲುಚಕ್ರಗಳನ್ನು ಒಮ್ಮೆ ಕೈಯಾರೆ ಜೋಡಿಸುವುದು ಮಿಗಿಲು. ನಮ್ಮ ಬಸ್ಸಿನ ಹಿಂದಿನ ಅಚ್ಚಿನಲ್ಲಿ ನಡುವೆ ಕಾಣುವ ಉಬ್ಬಿನೊಳಗೆ ಇರುವುದೂ ಇದೇ.

ಮೋಟಾರು ಮತ್ತು ಹಲ್ಲುಚಕ್ರಗಳ ಲೆಕ್ಕ

ಮೋಟಾರಿನಲ್ಲಿ ಎರಡು ಜಾತಿ. ಒಂದರಲ್ಲಿ ಕಾರ್ಬನ್ ಬ್ರಷ್ಷುಗಳಿರುತ್ತವೆ. ನಮ್ಮ ಅಡುಗೆಮನೆಯ ಮಿಕ್ಸರಿನಲ್ಲಿ ಸವೆದಾಗ ಬದಲಾಯಿಸುವಂಥವೇ. ಇನ್ನೊಂದರಲ್ಲಿ ಬ್ರಷ್ಷುಗಳಿಲ್ಲ, ಈಚೆಗೆ ಮನೆಮನೆಗೆ ಬರುತ್ತಿರುವ, ಕಡಿಮೆ ವಿದ್ಯುತ್ ಬಳಸುವ ಬಿಎಲ್‌ಡಿಸಿ ಸೀಲಿಂಗ್ ಫ್ಯಾನುಗಳ ತತ್ತ್ವವೇ ಅದರದೂ. ಬ್ರಷ್ಷಿಲ್ಲದ ಮೋಟಾರು ಹೆಚ್ಚು ದಕ್ಷ, ಅದಕ್ಕೆ ಸವೆತ ಕಡಿಮೆ, ಬೆಲೆ ಹೆಚ್ಚು. ಬ್ರಷ್ಷಿನ ಮೋಟಾರು ಅಗ್ಗ, ವೇಗ ಮಿತ. ಮೊದಲ ಕಾರಿಗೆ ‘540’ ಎಂಬ ಅಳತೆಯ ಸಾಧಾರಣ ಬ್ರಷ್ಷಿನ ಮೋಟಾರು ಸಾಕು. ಮುಂದೆ ಬದಲಾಯಿಸುವಾಗ ಒಂದು ಸೂತ್ರ ನೆನಪಿರಲಿ: ಮೋಟಾರಿನ ಮೇಲೆ ಬರೆದಿರುವ ತಂತಿಯ ಸುತ್ತುಗಳ ಸಂಖ್ಯೆ ಕಡಿಮೆಯಾದಷ್ಟೂ ವೇಗ ಹೆಚ್ಚು, ಬಿಸಿಯೂ ಹೆಚ್ಚು. 21.5 ಅಥವಾ 17.5 ಸುತ್ತಿನದು ಸೌಮ್ಯ. ಹತ್ತಕ್ಕಿಂತ ಕೆಳಗಿನದು ಪಳಗಿದ ಕೈಗಳಿಗೆ.

ಮೋಟಾರನ್ನು ಬದಲಿಸದೆಯೇ ವೇಗವನ್ನು ಹೆಚ್ಚು ಕಡಿಮೆ ಮಾಡುವ ಉಪಾಯ ಹಲ್ಲುಚಕ್ರಗಳಲ್ಲಿದೆ. ಇದನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಿರಿ. ಟಿಟಿ-02ರಲ್ಲಿ ಮೋಟಾರಿನ ತುದಿಯ ಚಿಕ್ಕ ಚಕ್ರಕ್ಕೆ 22 ಹಲ್ಲು, ಅದು ತಿರುಗಿಸುವ ದೊಡ್ಡ ಚಕ್ರಕ್ಕೆ 70 ಹಲ್ಲು, ಒಳಗಿನ ಸ್ಥಿರ ಅನುಪಾತ 2.6. ಎಪ್ಪತ್ತನ್ನು ಇಪ್ಪತ್ತೆರಡರಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27. ಅಂದರೆ ಮೋಟಾರು ಎಂಟೂಕಾಲು ಸುತ್ತು ಹಾಕಿದಾಗ ಕಾರಿನ ಚಕ್ರ ಒಂದು ಸುತ್ತು. ಓಡುವಾಗ ಮೋಟಾರು ನಿಮಿಷಕ್ಕೆ 15,000 ಸುತ್ತು ಹಾಕುವುದೆಂದು ಭಾವಿಸಿದರೆ ಚಕ್ರ ಸುಮಾರು 1,814 ಸುತ್ತು ಹಾಕುತ್ತದೆ. ಟೈರಿನ ವ್ಯಾಸ 64 ಮಿಲಿಮೀಟರಾದರೆ ಒಂದು ಸುತ್ತಿಗೆ 20 ಸೆಂಟಿಮೀಟರಿಗಿಂತ ತುಸು ಹೆಚ್ಚು ದೂರ. ಗಂಟೆಗೆ ಸುಮಾರು 22 ಕಿಲೋಮೀಟರು ಎಂದಾಯಿತು. ಚಿಕ್ಕ ಚಕ್ರವನ್ನು 25 ಹಲ್ಲಿನದಕ್ಕೆ ಬದಲಾಯಿಸಿದರೆ ಇದೇ ಲೆಕ್ಕದಲ್ಲಿ ಸುಮಾರು 25 ಕಿಲೋಮೀಟರು. ವೇಗ ಹೆಚ್ಚಿದಂತೆ ಮೋಟಾರಿನ ಮೇಲಿನ ಹೊರೆಯೂ ಹೆಚ್ಚುತ್ತದೆ. ಓಡಿಸಿದ ಮೇಲೆ ಮೋಟಾರನ್ನು ಮೆಲ್ಲನೆ ಮುಟ್ಟಿ ನೋಡಿರಿ. ಮೂರೆಣಿಸುವಷ್ಟು ಹೊತ್ತು ಬೆರಳನ್ನು ಇಡಲಾಗದಿದ್ದರೆ ಚಿಕ್ಕ ಚಕ್ರದ ಹಲ್ಲುಗಳನ್ನು ಕಡಿಮೆ ಮಾಡಬೇಕೆಂದು ಅರ್ಥ.

ಇಪ್ಪತ್ತೆರಡು ಕಿಲೋಮೀಟರು ದೊಡ್ಡ ವೇಗವೇ ಎಂದು ಕೆಲವರು ಕೇಳಬಹುದು. ಒಂದೂವರೆ ಕಿಲೋ ತೂಕದ ವಸ್ತುವೊಂದು ಆ ವೇಗದಲ್ಲಿ ಅಂಗಳದಲ್ಲಿ ಅಂಬೆಗಾಲಿಡುವ ತಮ್ಮನಿಗೋ, ಕೋಲೂರಿ ನಡೆಯುವ ಅಜ್ಜಿಗೋ ಬಡಿದರೆ ಏನಾದೀತೆಂದು ಯೋಚಿಸಿದರೆ ಉತ್ತರ ದೊರೆಯುತ್ತದೆ.

ಮೋಟಾರಿಗೆ ಬ್ಯಾಟರಿಯಿಂದ ಎಷ್ಟು ವಿದ್ಯುತ್ ಹರಿಯಬೇಕೆಂಬುದನ್ನು ಸ್ಪೀಡ್ ಕಂಟ್ರೋಲರ್ ಎಂಬ ಚಿಕ್ಕ ಪೆಟ್ಟಿಗೆ ನಿರ್ಧರಿಸುತ್ತದೆ. ಇದು ಮೋಟಾರಿನ ಜಾತಿಗೆ ತಕ್ಕದ್ದಾಗಿರಬೇಕು; ಬ್ರಷ್ಷಿನ ಮೋಟಾರಿನದು ಬ್ರಷ್ಷಿಲ್ಲದ್ದಕ್ಕೆ ಆಗದು. ಕೆಲವು ಕಿಟ್ಟುಗಳ ಜೊತೆಗೇ ಇದು ಬರುತ್ತದೆ. ಲಿಥಿಯಂ ಬ್ಯಾಟರಿಯ ವೋಲ್ಟೇಜು ತೀರ ಇಳಿದಾಗ ತಾನೇ ಹರಿವನ್ನು ನಿಲ್ಲಿಸುವ ಏರ್ಪಾಡು ಅದರಲ್ಲಿದೆಯೇ ಎಂಬುದನ್ನು ಕೇಳಿ ತಿಳಿಯಬೇಕು. ಏಕೆಂದರೆ ಮುಂದಿನ ಮಾತು ಅದನ್ನೇ ಅವಲಂಬಿಸಿದೆ.

ಬ್ಯಾಟರಿ: ಅತ್ಯಂತ ಎಚ್ಚರ ಬೇಕಾದ ಅಂಗ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ಬಿಡುವಿದ್ದರೆ ತಂದೆತಾಯಿಗಳು ಇದನ್ನು ಓದಬೇಕೆಂದು ನಮ್ಮ ವಿನಂತಿ.

ಬ್ಯಾಟರಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಿಕಲ್ ಮೆಟಲ್ ಹೈಡ್ರೈಡ್ ಎಂಬುದು ಹಳೆಯ ಬಗೆ. ಆರು ಕೋಶಗಳು ಸೇರಿ 7.2 ವೋಲ್ಟು. ಭಾರ ಹೆಚ್ಚು, ಕಸುವು ಸ್ವಲ್ಪ ಕಡಿಮೆ, ಆದರೆ ಸಣ್ಣಪುಟ್ಟ ಅಜಾಗರೂಕತೆಯನ್ನು ಸಹಿಸಿಕೊಳ್ಳುತ್ತದೆ. ಲಿಥಿಯಂ ಪಾಲಿಮರ್ ಎಂಬುದು ಹೊಸ ಬಗೆ. ಎರಡು ಕೋಶಗಳು ಸೇರಿ 7.4 ವೋಲ್ಟು, ಪೂರ್ತಿ ತುಂಬಿದಾಗ 8.4. ಹಗುರ, ಬಹಳ ಕಸುವು. ಆದರೆ ಮಿತಿಮೀರಿ ತುಂಬಿದರೆ, ತೀರ ಬರಿದು ಮಾಡಿದರೆ, ಚುಚ್ಚಿದರೆ ಅಥವಾ ಜಜ್ಜಿದರೆ ಹೊತ್ತಿ ಉರಿಯಬಲ್ಲದು. ಮೊದಲ ವರ್ಷ ನಿಕಲ್ ಬ್ಯಾಟರಿಯಲ್ಲಿಯೇ ಕೈ ಪಳಗಲಿ ಎಂಬುದು ನಮ್ಮ ಖಚಿತ ಸಲಹೆ. 3000 ಮಿಲಿಆಂಪ್‌ಅವರ್ ಬ್ಯಾಟರಿಯಿಂದ ಮೋಟಾರು ಸರಾಸರಿ 12 ಆಂಪಿಯರ್ ಎಳೆದರೆ ಕಾಲು ಗಂಟೆಯ ಓಟ. ಮಕ್ಕಳಿಗೆ ಅದು ಸಾಲದೆನಿಸುತ್ತದೆ. ಕಾರಿಗೂ ಮಕ್ಕಳಿಗೂ ನಡುವೆ ವಿರಾಮ ಬೇಕು.

ಲಿಥಿಯಂ ಬ್ಯಾಟರಿಯನ್ನು ಕೊಳ್ಳುವುದೇ ಆದರೆ ಗಟ್ಟಿ ಪ್ಲಾಸ್ಟಿಕ್ ಕವಚವಿರುವುದನ್ನೇ ಆಯಬೇಕು. ಪ್ರತಿ ಕೋಶದ ವೋಲ್ಟೇಜನ್ನೂ ಬೇರೆಬೇರೆಯಾಗಿ ನೋಡಿ ಸಮತೂಗಿಸುವ ಚಾರ್ಜರ್ ಇರಲೇಬೇಕು. ಚಾರ್ಜರಿನಲ್ಲಿ ಉಳಿತಾಯ ಮಾಡುವುದು ಬಾಗಿಲಿಗೆ ಬೀಗ ಹಾಕುವುದರಲ್ಲಿ ಉಳಿತಾಯ ಮಾಡಿದಂತೆ. ತುಂಬಿಸುವ ಪ್ರಮಾಣಕ್ಕೆ ಒಂದು ಸರಳ ನಿಯಮವಿದೆ: 5000 ಮಿಲಿಆಂಪ್‌ಅವರ್ ಬ್ಯಾಟರಿಗೆ ಹೆಚ್ಚೆಂದರೆ 5 ಆಂಪಿಯರ್, 3000ದ್ದಕ್ಕೆ 3.

ಇವುಗಳನ್ನು ಮನೆಯ ನಿಯಮವಾಗಿ ಪಾಲಿಸಿರಿ. ಹಿರಿಯರು ಎದುರಿಗಿದ್ದಾಗ ಮಾತ್ರ ಚಾರ್ಜು ಮಾಡಬೇಕು. ರಾತ್ರಿ ಹಚ್ಚಿಟ್ಟು ಮಲಗಬಾರದು. ಹಾಸಿಗೆ, ಸೋಫಾ, ದೇವರಮನೆಯ ಪರದೆಗಳ ಸಮೀಪ ಇಡಬಾರದು; ಟೈಲ್ಸಿನ ನೆಲದ ಮೇಲೆ, ದಪ್ಪ ಮಣ್ಣಿನ ಮಡಕೆಯೊಳಗೆ ಇಟ್ಟು ಮಾಡುವುದು ಒಳ್ಳೆಯದು. ಓಡಿಸಿ ಬಿಸಿಯಾದ ಬ್ಯಾಟರಿ ಪೂರ್ತಿ ತಣಿದ ಮೇಲೆಯೇ ಚಾರ್ಜರಿಗೆ ಹಾಕಬೇಕು. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಕೆಲವು ದಿನ ಆಡುವುದಿಲ್ಲವೆಂದರೆ ಕೋಶಕ್ಕೆ 3.8 ವೋಲ್ಟಿನ ಆಸುಪಾಸಿನಲ್ಲಿ ಇಡಬೇಕು. ಒಳ್ಳೆಯ ಚಾರ್ಜರುಗಳಲ್ಲಿ ಇದಕ್ಕೆಂದೇ ಒಂದು ಗುಂಡಿಯಿರುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳಿಸಿತೆಂದರೆ ಚಾರ್ಜರನ್ನು ಗೋಡೆಯಿಂದ ಕಿತ್ತಿಡಬೇಕು. ಒಂದುವೇಳೆ ಹೊಗೆ ಕಂಡರೆ ಅದನ್ನು ಕೈಯಲ್ಲಿ ಎತ್ತಲು ಹೋಗದೆ, ಮನೆಯವರೆಲ್ಲರೂ ಹೊರಗೆ ಬಂದು 112ಕ್ಕೆ ಕರೆ ಮಾಡಬೇಕು.

ಗಲ್ಫಿನಲ್ಲಿರುವ ಬಂಧುಗಳಿಂದ ಬ್ಯಾಟರಿ ತರಿಸುವವರು ಉಡುಪಿ ಕಡೆ ಬಹಳ. ಬಿಡಿ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕೈಚೀಲದಲ್ಲಿಯೇ ತರಬೇಕು, ಒಳಗೆ ಹಾಕುವ ಪೆಟ್ಟಿಗೆಯಲ್ಲಿ ಅಲ್ಲ. 7.4 ವೋಲ್ಟಿನ 5000 ಮಿಲಿಆಂಪ್‌ಅವರ್ ಬ್ಯಾಟರಿ ಎಂದರೆ 37 ವ್ಯಾಟ್‌ಅವರ್. ಸಾಮಾನ್ಯ ಮಿತಿಯಾದ 100ರೊಳಗೇ ಬರುತ್ತದೆ. ತುದಿಗಳಿಗೆ ಟೇಪು ಸುತ್ತಿರಬೇಕು. ಇನ್ನು ಆಯುಸ್ಸು ಮುಗಿದ ಬ್ಯಾಟರಿಯನ್ನು ಹಸಿಕಸದ ಬುಟ್ಟಿಗೋ ತೋಟದ ಮೂಲೆಗೋ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಕೆದಾರರು ಅದನ್ನು ಮನೆಯ ಇತರ ಕಸದಿಂದ ಬೇರ್ಪಡಿಸಿ, ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ರೇಡಿಯೋ, ಸರ್ವೋ

ಹಿಂದಿನ ಕಾರುಗಳು 27 ಮೆಗಾಹರ್ಟ್ಸ್ ತರಂಗದಲ್ಲಿ ನಡೆಯುತ್ತಿದ್ದವು. ಇಬ್ಬರ ಬಳಿ ಒಂದೇ ಬಗೆಯ ಸ್ಫಟಿಕವಿದ್ದರೆ ಒಬ್ಬನ ಪೆಟ್ಟಿಗೆಗೆ ಇನ್ನೊಬ್ಬನ ಕಾರು ಓಗೊಡುತ್ತಿತ್ತು. ಈಗಿನವು 2.4 ಗಿಗಾಹರ್ಟ್ಸಿನವು, ಪ್ರತಿ ಟ್ರಾನ್ಸ್‌ಮಿಟರು ತನ್ನ ರಿಸೀವರನ್ನು ಮಾತ್ರ ಗುರುತಿಸುತ್ತದೆ. ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ಪಟ್ಟಿಯನ್ನು ನಮ್ಮ ಸರ್ಕಾರ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. ಬಂದೂಕಿನ ಕುದುರೆಯಂತಹ ಒತ್ತುಗುಂಡಿಯಿರುವ, ಬದಿಯಲ್ಲಿ ಪುಟ್ಟ ಚಕ್ರವಿರುವ ಮಾದರಿ ಮಕ್ಕಳ ಕೈಗೆ ಬೇಗ ಒಗ್ಗುತ್ತದೆ. ತರಂಗ ತಪ್ಪಿದಾಗ ಕಾರು ತಾನೇ ನಿಲ್ಲುವಂತೆ ಹೊಂದಿಸುವ ‘ಫೇಲ್‌ಸೇಫ್’ ಇರುವುದನ್ನು ಮಾತ್ರ ಕೊಳ್ಳಿರಿ. ಕೊಂಡು ತಂದ ದಿನವೇ ಚಕ್ರಗಳನ್ನು ಎತ್ತಿ ಹಿಡಿದು ಅದನ್ನು ಪರೀಕ್ಷಿಸಿರಿ. ಆರಂಭಿಸುವಾಗ ಮೊದಲು ಕೈಯ ಪೆಟ್ಟಿಗೆ, ಅನಂತರ ಕಾರು. ನಿಲ್ಲಿಸುವಾಗ ಮೊದಲು ಕಾರು, ಅನಂತರ ಪೆಟ್ಟಿಗೆ. ಈ ಕ್ರಮವನ್ನು ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡಬೇಕು.

ಮುಂಚಕ್ರಗಳನ್ನು ತಿರುಗಿಸುವ ಚಿಕ್ಕ ಯಂತ್ರವೇ ಸರ್ವೋ. ನೇರ ಬಿಟ್ಟ ಕಾರು ಒಂದು ಬದಿಗೆ ಎಳೆಯುತ್ತಿದ್ದರೆ ಅಗ್ಗದ ಸರ್ವೋವೂ ಒಂದು ಕಾರಣವಿರಬಹುದು. ಗೋಡೆಗೆ ಬಡಿದಾಗ ಅದರ ಹಲ್ಲು ಉದುರದಂತೆ ತಡೆಯುವ ‘ಸರ್ವೋ ಸೇವರ್’ ಕಾರಿನಲ್ಲಿರಬೇಕು. ಹೊಸ ಚಾಲಕರು ಗೋಡೆಗೆ ಬಡಿಯದೆ ಕಲಿತದ್ದುಂಟೇ?

ಟೈರು ಮತ್ತು ಹೊರಮೈ

ನೆಲವನ್ನು ಮುಟ್ಟುವುದು ನಾಲ್ಕು ಟೈರು ಮಾತ್ರ. ಒರಟು ಡಾಂಬರಿಗೆ ಗಡಸು ರಬ್ಬರು, ನುಣುಪು ಸಿಮೆಂಟಿಗೆ ಮೃದು ರಬ್ಬರು ಒಪ್ಪುತ್ತದೆ. ಒಂದು ಕಿವಿಮಾತು: ದುಬಾರಿ ಮೋಟಾರಿಗೆ ಹಣ ಸುರಿಯುವ ಮೊದಲು ಒಳ್ಳೆಯ ಟೈರುಗಳನ್ನು ಹಾಕಿಸಿ ನೋಡಿರಿ. ತಿರುವಿನಲ್ಲಿ ಜಾರದ ಕಾರು ಜಾರುವ ವೇಗದ ಕಾರಿಗಿಂತ ಬೇಗ ಸುತ್ತು ಮುಗಿಸುತ್ತದೆ.

ಹೊರಮೈಯನ್ನು ತೆಳುವಾದ ಪಾರದರ್ಶಕ ಪಾಲಿಕಾರ್ಬೊನೇಟಿನಿಂದ ಮಾಡಿರುತ್ತಾರೆ. ಬಣ್ಣವನ್ನು ಒಳಗಿನಿಂದ ಬಳಿಯಬೇಕು. ಆಗ ಗೀರು ಬಿದ್ದರೂ ಬಣ್ಣ ಮಾಸುವುದಿಲ್ಲ. ಇದಕ್ಕೆಂದೇ ಇರುವ ಬಣ್ಣವನ್ನು ಬಳಸಬೇಕು. ಚಿತ್ರಕಲೆಯಲ್ಲಿ ಆಸಕ್ತಿಯಿರುವ ಹೆಣ್ಣುಮಕ್ಕಳು ಬಣ್ಣಕ್ಕೆ, ಗಂಡುಮಕ್ಕಳು ಯಂತ್ರಕ್ಕೆ ಎಂದು ಹಂಚಿಬಿಡುವ ಅಭ್ಯಾಸ ಬೇಡ. ಮಗಳಿಗೂ ಸ್ಕ್ರೂಡ್ರೈವರ್ ಕೊಡಿರಿ, ಮಗನಿಗೂ ಕುಂಚ ಕೊಡಿರಿ.

ಉಪ್ಪುಗಾಳಿಯ ನಾಡಿನಲ್ಲಿ ಆರೈಕೆ

ಘಟ್ಟದ ಮೇಲಿನ ಊರುಗಳಲ್ಲಿ ಬಹುಕಾಲ ಬಾಳುವ ಕಬ್ಬಿಣದ ವಸ್ತು ಇಲ್ಲಿ ಬೇಗ ತುಕ್ಕು ಹಿಡಿಯುತ್ತದೆಂಬುದು ಕರಾವಳಿಗೆ ಬಂದು ನೆಲೆಸಿದ ಪ್ರತಿ ಗೃಹಿಣಿಯ ಅನುಭವ. ಈ ಕಾರಿಗೂ ಅದೇ ಗತಿ. ಕೆಲವು ಕಿಟ್ಟುಗಳಲ್ಲಿ ಚಕ್ರದ ಅಚ್ಚುಗಳಿಗೆ ಪ್ಲಾಸ್ಟಿಕ್ಕಿನ ಬುಶ್ಶುಗಳನ್ನು ಕೊಟ್ಟಿರುತ್ತಾರೆ. ಅವು ಬೇಗ ಸವೆದು ಚಕ್ರ ಅಲುಗಾಡುತ್ತದೆ. ಜೋಡಿಸುವಾಗಲೇ ಅವುಗಳ ಜಾಗದಲ್ಲಿ ಬಾಲ್ ಬೇರಿಂಗುಗಳನ್ನು ಹಾಕುವುದು ಉತ್ತಮ. ಆಮೇಲೆ ಇಡೀ ಕಾರನ್ನು ಬಿಚ್ಚುವ ಶ್ರಮ ತಪ್ಪುತ್ತದೆ. ರಬ್ಬರಿನ ಮುಚ್ಚಳವಿರುವ ಬೇರಿಂಗುಗಳೇ ನಮ್ಮ ಹವೆಗೆ ತಕ್ಕವು.

ಆಡಿ ಬಂದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಸ್ಕ್ರೂಗಳ ತಲೆಗೆ ಹೊಲಿಗೆಯಂತ್ರದ ಎಣ್ಣೆಯನ್ನು ಸೋಕಿಸಬೇಕು. ಹಲ್ಲುಚಕ್ರಗಳಿಗೆ ಎಣ್ಣೆ ಸುರಿಯಬಾರದು, ಧೂಳು ಅಂಟಿಕೊಳ್ಳುತ್ತದೆ. ಎರಡು ಹಲ್ಲುಚಕ್ರಗಳ ನಡುವೆ ಎಷ್ಟು ಬಿಡುವಿರಬೇಕೆಂಬುದಕ್ಕೆ ಹವ್ಯಾಸಿಗಳು ಒಂದು ಸುಲಭ ವಿಧಾನ ಅನುಸರಿಸುತ್ತಾರೆ: ತೆಳುವಾದ ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಮೋಟಾರನ್ನು ಬಿಗಿಯುವುದು, ಅನಂತರ ಕಾಗದವನ್ನು ತಿರುಗಿಸಿ ತೆಗೆಯುವುದು. ಮಳೆಗಾಲದಲ್ಲಿ ಕಾರನ್ನು ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣಗಳ ಜೊತೆಗೆ ಇಡುವುದು ಕ್ಷೇಮ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೊರಗೆ ಓಡಿಸಲಾಗದಿದ್ದರೂ ಬಿಚ್ಚಿ ಜೋಡಿಸುವುದಕ್ಕೆ ಆ ತಿಂಗಳುಗಳೇ ಪ್ರಶಸ್ತ.

ಹಣದ ಮಾತು

ವಿದೇಶದಿಂದ ಬರುವ ಆಟಿಕೆಗಳ ಮೇಲಿನ ಸುಂಕವನ್ನು 2020ರ ಬಜೆಟ್ಟಿನಲ್ಲಿ ಶೇಕಡಾ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಲಾಯಿತು. ಈ ಕಾರುಗಳಲ್ಲಿ ಹೆಚ್ಚಿನವು ಹೊರಗಿನಿಂದಲೇ ಬರುವುದರಿಂದ ಬೆಲೆ ಹಗುರವಲ್ಲ. ಪರದೇಶದ ಬೆಲೆಯನ್ನು ಮೊಬೈಲಿನಲ್ಲಿ ನೋಡಿ ನಮ್ಮಲ್ಲಿಯೂ ಅಷ್ಟೇ ಎಂದುಕೊಳ್ಳಬಾರದು. ಅದಕ್ಕಿಂತ ಮುಖ್ಯವಾದುದು, ಕಿಟ್ಟಿನ ಪೆಟ್ಟಿಗೆಯೊಳಗೆ ಏನಿಲ್ಲ ಎಂಬುದನ್ನು ತಿಳಿಯುವುದು. ಸಾಮಾನ್ಯವಾಗಿ ರೇಡಿಯೋ, ಸರ್ವೋ, ಬ್ಯಾಟರಿ, ಚಾರ್ಜರ್, ಬಣ್ಣ ಇವುಗಳನ್ನು ಬೇರೆಯಾಗಿಯೇ ಕೊಳ್ಳಬೇಕು. ಇವೆಲ್ಲ ಕೂಡಿದಾಗ ಕಿಟ್ಟಿನ ಬೆಲೆಯಷ್ಟೇ ಮೊತ್ತವಾದರೂ ಆಶ್ಚರ್ಯವಿಲ್ಲ. ಆದಕಾರಣ ಪೂರ್ತಿ ಪಟ್ಟಿಯನ್ನು ಕಾಗದದ ಮೇಲೆ ಬರೆದು, ಕೂಡಿಸಿ, ಒಂದು ಜೊತೆ ಮುಂದೋಳು ಮತ್ತು ಒಂದು ಹಲ್ಲುಚಕ್ರದ ಬೆಲೆಯನ್ನೂ ಸೇರಿಸಿ, ಆ ಮೊತ್ತ ಸಂಸಾರಕ್ಕೆ ಹೊರೆಯಾಗದೆಂದು ಖಚಿತವಾದ ಮೇಲೆ ಮುಂದುವರಿಯಬೇಕು.

ಹಣವನ್ನು ಹಂಚುವಾಗ ಈ ಕ್ರಮ ಹಿತ. ಮೊದಲು ಚಾರ್ಜರ್ ಮತ್ತು ರೇಡಿಯೋ; ಇವು ಮುಂದಿನ ಕಾರಿಗೂ ಬರುತ್ತವೆ. ಅನಂತರ ಬಿಡಿಭಾಗ ದೊರೆಯುವ ಚಾಸಿ, ಬೇರಿಂಗು, ಟೈರು. ಕಟ್ಟಕಡೆಗೆ ವೇಗದ ಮೋಟಾರು. ಮಕ್ಕಳು ಈ ಪಟ್ಟಿಯನ್ನು ತಲೆಕೆಳಗಾಗಿ ಓದುತ್ತಾರೆ. ತಿಳಿಹೇಳುವುದು ಹಿರಿಯರ ಕರ್ತವ್ಯ. ಸಾಲ ಮಾಡಿಯೋ, ಕಾಲೇಜಿನ ಶುಲ್ಕಕ್ಕೆಂದು ತೆಗೆದಿರಿಸಿದ ಹಣದಿಂದಲೋ ಇದನ್ನು ಕೊಳ್ಳುವುದು ಸಲ್ಲದು. ಮಣಿಪಾಲದ ವಿದ್ಯಾರ್ಥಿನಿಲಯಗಳಲ್ಲಿರುವ ನಮ್ಮ ತರುಣರು ನಾಲ್ವರು ಕೂಡಿ ಒಂದು ಕಾರನ್ನು ಕೊಂಡರೂ ಸಾಕು. ಕಲಿಯುವುದಕ್ಕೆ ಒಂದೇ ಕಾರು ನಾಲ್ವರಿಗೂ ಒದಗುತ್ತದೆ. ಬ್ಯಾಟರಿಯನ್ನು ಮಾತ್ರ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಚಾರ್ಜು ಮಾಡುವುದಕ್ಕೆ ಮುನ್ನ ಅಲ್ಲಿಯ ನಿಯಮವನ್ನು ಕೇಳಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಕಾರು ಒಂದು ದಿನ ಮುರಿಯುವುದು ನಿಶ್ಚಿತ. ಆ ದಿನ ಮಗು ಅಳುತ್ತ ಬಂದಾಗ “ಇಷ್ಟು ದುಡ್ಡು ಹಾಳಾಯಿತು” ಎಂದು ಗದರಿಸುವ ಮನೆಯಲ್ಲಿ ಕಾರು ಅಟ್ಟ ಸೇರುತ್ತದೆ, ಮಗು ಮತ್ತೆ ಮೊಬೈಲನ್ನು ಹಿಡಿಯುತ್ತದೆ. “ಬಾ ಮಗು, ಎಲ್ಲಿ ಮುರಿದಿದೆ ನೋಡೋಣ” ಎಂದು ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸುವ ಮನೆಯಲ್ಲಿ ಕೊಟ್ಟ ಹಣ ಅಂದಿನಿಂದಲೇ ಫಲಕೊಡಲು ತೊಡಗುತ್ತದೆ. ಆ ಹಾಸುವ ಪತ್ರಿಕೆ ನಮ್ಮದೇ ಆದರೂ ನಮಗೆ ಸಂತೋಷವೇ.